ಬೈಬಲ್ ಬರೆದ ಕೈಗಳು

ಬೈಬಲ್ ಇಂಗ್ಲಿಷರ ಗ್ರಂಥವೆಂಬ ಭಾವನೆ ನಮ್ಮ ಕಡೆಯ ಜನರಲ್ಲಿ, ನಾಲ್ಕಕ್ಷರ ಕಲಿತವರಲ್ಲಿಯೂ ಕೂಡ, ಬಹು ಆಳವಾಗಿ ಬೇರೂರಿದೆ. ಕಲೆಕ್ಟರನ ಕಚೇರಿ, ರೈಲು, ತಂತಿ, ಕ್ವಿನೈನುಗಳ ಜೊತೆಯಲ್ಲಿ ಹಡಗಿನಿಂದಿಳಿದ ಸರಕೆಂಬಂತೆ ಅದನ್ನು ಎಣಿಸುವವರು, ಆ ಗ್ರಂಥದ ಒಂದೇ ಒಂದು ವಾಕ್ಯವೂ ಮೂಲದಲ್ಲಿ ಇಂಗ್ಲಿಷಿನದಲ್ಲವೆಂದೂ, ಅದರ ಕೊನೆಯ ಪುಸ್ತಕ ಬರೆದು ಮುಗಿದ ಕಾಲಕ್ಕೆ ಇಂಗ್ಲಿಷ್ ಎಂಬ ಭಾಷೆಯೇ ಹುಟ್ಟಿರಲಿಲ್ಲವೆಂದೂ ಕೇಳಿದರೆ ಬೆರಗಾಗುತ್ತಾರೆ. ಇದಕ್ಕೆ ಎದುರಾದ ಭ್ರಾಂತಿಯೊಂದು ಭಕ್ತರಲ್ಲಿಯೂ ಉಂಟು: ತಮ್ಮ ಕೈಯಲ್ಲಿರುವ ಕನ್ನಡದ ಅಥವಾ ಮರಾಠಿಯ ಪ್ರತಿಯೇ, ಅದರ ಅಧ್ಯಾಯದ ಅಂಕಿ, ವಚನದ ಅಂಕಿ, ಶೀರ್ಷಿಕೆಗಳೆಲ್ಲ ಸಹಿತವಾಗಿ, ಹಾಗೆ ಹಾಗೆಯೇ ಮೇಲಿನಿಂದ ಇಳಿದು ಬಂದಿತೆಂದು ಅವರು ನಂಬುತ್ತಾರೆ. ಎರಡು ಭ್ರಾಂತಿಗಳಿಗೂ ಮೂಲವೊಂದೇ. ಆ ಗ್ರಂಥವನ್ನು ಯಾರು, ಯಾವ ನುಡಿಯಲ್ಲಿ, ಹೇಗೆ ಬರೆದರೆಂಬ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ.

ಈ ಉದಾಸೀನ ಬೇರೆಲ್ಲಿಯಾದರೂ ಕ್ಷಮ್ಯವಾದೀತು, ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಕಾಗಲದಂಥ ಊರಿಗೆ ಒಪ್ಪುವಂಥದಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿ, ಪೂಜೆಗೆ ಸಂಸ್ಕೃತ, ಗೈಬೀ ಪೀರನ ದರ್ಗಾದಲ್ಲಿ ಅರಬ್ಬಿಯ ಪ್ರಾರ್ಥನೆ, ದೊಡ್ಡ ನ್ಯಾಯಾಲಯದ ತೀರ್ಪಿಗೆ ಇಂಗ್ಲಿಷು ಎಂಬಂತೆ ಒಂದೇ ದಿನದಲ್ಲಿ ಐದು ನುಡಿಗಳ ನಡುವೆ ಓಡಾಡುವ ಜನ ನಾವು. ದೂಧಗಂಗೆಯನ್ನು ದಾಟಿ ಕೊಗನೊಳ್ಳಿಯ ನಾಕೆಯನ್ನು ಮುಟ್ಟುವಷ್ಟರಲ್ಲಿ ಫಲಕಗಳ ಲಿಪಿ ಬದಲಾಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಬೆಳೆದವರು. ಹಲವು ನುಡಿಗಳು ಕೂಡುವ ನಾಡಿನಲ್ಲಿ, ಹಲವು ಆಳರಸರ ಕೆಳಗೆ, ಹಲವು ಕೈಗಳಿಂದ ಒಂದು ಗ್ರಂಥರಾಶಿ ಬೆಳೆಯುವುದೆಂದರೇನೆಂಬುದು ನಮಗಲ್ಲದೆ ಇನ್ನಾರಿಗೆ ಸುಲಭವಾಗಿ ತಿಳಿದೀತು?

ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯದು. ಹೊಸ ಒಡಂಬಡಿಕೆ ಪೂರ್ತಿಯಾಗಿ ಗ್ರೀಕಿನದು. ಎಜ್ರ ಮತ್ತು ದಾನಿಯೇಲ ಎಂಬ ಪುಸ್ತಕಗಳ ಕೆಲವು ಅಧ್ಯಾಯಗಳೂ ಯೆರೆಮೀಯನ ಒಂದು ವಚನವೂ ಅರಾಮಿಕ್ ಭಾಷೆಯವು. ಹೀಬ್ರೂ ಭಾಷೆಯನ್ನು ಪ್ರಾಚೀನರು ಬರೆಯುತ್ತಿದ್ದ ಕ್ರಮದಲ್ಲಿ ವ್ಯಂಜನಗಳಿಗೇ ಪ್ರಾಧಾನ್ಯ, ಸ್ವರಗಳನ್ನು ಬಹುಮಟ್ಟಿಗೆ ಓದುವವನು ತಾನೇ ತುಂಬಿಕೊಳ್ಳಬೇಕು. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಗಂಟು ಕಟ್ಟಿಟ್ಟ ಮೋಡಿ ಲಿಪಿಯ ಕಾಗದಪತ್ರಗಳನ್ನು ಬಿಚ್ಚಿ ಓದಲು ಯತ್ನಿಸಿದವರಿಗೆ ಈ ಸಂಕಟದ ರುಚಿ ಗೊತ್ತು: ಹ್ರಸ್ವವೋ ದೀರ್ಘವೋ ಲಿಪಿ ಹೇಳುವುದಿಲ್ಲ, ಪದವೆಲ್ಲಿ ಮುಗಿದು ಪದವೆಲ್ಲಿ ತೊಡಗಿತೆಂದು ಗೆರೆ ಹೇಳುವುದಿಲ್ಲ, ಆ ಮನೆತನದ ವಹಿವಾಟನ್ನು ಬಲ್ಲ ಹಿರಿಯನೊಬ್ಬನು ಪಕ್ಕದಲ್ಲಿ ಕುಳಿತು ಓದಿ ಹೇಳಿದರೆ ಮಾತ್ರ ಕಾಗದ ಬಾಯಿಬಿಡುತ್ತದೆ. ಹೀಬ್ರೂ ಗ್ರಂಥಕ್ಕೂ ಅಂಥ ಹಿರಿಯರಿದ್ದರು. ಮಸೋರೆಟರೆಂದು ಹೆಸರಾದ ಯೆಹೂದಿ ಪಂಡಿತರು, ಕ್ರಿ.ಶ. ಆರನೆಯ ಶತಮಾನದಿಂದ ಮೊದಲ್ಗೊಂಡು ಹತ್ತನೆಯ ಶತಮಾನದವರೆಗೆ, ವ್ಯಂಜನಗಳ ಮೇಲೂ ಕೆಳಗೂ ಚುಕ್ಕೆಗೆರೆಗಳನ್ನಿಟ್ಟು ಪರಂಪರೆಯ ಉಚ್ಚಾರಣೆಯನ್ನು ಕಾಪಿಟ್ಟರು. ಇಂದು ಲೋಕದ ವಿದ್ವಾಂಸರು ಆಧಾರವಾಗಿ ಹಿಡಿಯುವ ಸಂಪೂರ್ಣ ಹೀಬ್ರೂ ಪ್ರತಿ, ಲೆನಿನ್‌ಗ್ರಾಡಿನದೆಂದು ಪ್ರಸಿದ್ಧವಾದದ್ದು, ಸುಮಾರು ಕ್ರಿ.ಶ. 1008ರದು. ಮೂಲಗ್ರಂಥಗಳು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವು. ಈ ಅಂತರವನ್ನು ಕಂಡು ಅನುಮಾನಪಡುತ್ತಿದ್ದವರಿಗೆ, 1947ರಿಂದ ಮುಂದೆ ಮೃತಸಮುದ್ರದ ದಂಡೆಯ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಬಹುಪಾಲು ಸಮಾಧಾನ ಕೊಟ್ಟವು, ಕೆಲವೆಡೆ ಹೊಸ ಅನುಮಾನಗಳನ್ನೂ ಹುಟ್ಟಿಸಿದವು.

ಅರಾಮಿಕ್ ಎಂದರೆ ನಮಗೆ ತೀರ ದೂರದ್ದೆನಿಸಬಹುದು. ಅಸ್ಸೀರಿಯ, ಬಾಬಿಲೋನ, ಪಾರಸಿಕರ ಕಚೇರಿಗಳಲ್ಲಿ ಶತಮಾನಗಳ ಕಾಲ ನಡೆದ ಆ ಭಾಷೆಯನ್ನು ನಮ್ಮ ಅಶೋಕ ಚಕ್ರವರ್ತಿಯೂ ಬಳಸಿದನು. ಕಂದಹಾರದ ಬಂಡೆಯ ಮೇಲೆ ಗ್ರೀಕ್ ಮತ್ತು ಅರಾಮಿಕ್ ಎರಡರಲ್ಲಿಯೂ ಅವನ ಧರ್ಮಶಾಸನವಿದೆ. ಬೈಬಲಿನ ಎರಡು ಮೂಲಭಾಷೆಗಳು ಮೌರ್ಯಸಾಮ್ರಾಜ್ಯದ ಅಂಚಿನಲ್ಲಿ ಪ್ರಿಯದರ್ಶಿಯ ಬಾಯಲ್ಲಿ ಅಹಿಂಸೆಯನ್ನು ನುಡಿದವೆಂಬುದನ್ನು ನೆನೆದರೆ, ಆ ಭಾಷೆಗಳನ್ನು ಪರಕೀಯವೆಂದು ತಳ್ಳುವ ನಮ್ಮ ಹೆಮ್ಮೆ ಸ್ವಲ್ಪ ಸಡಿಲಬೇಕು. ಯೇಸುವಿನ ಮನೆಮಾತು ಅರಾಮಿಕ್ಕೇ. ಸುವಾರ್ತೆಗಳೆಲ್ಲ ಗ್ರೀಕಿನಲ್ಲಿದ್ದರೂ, ಸತ್ತಂತೆ ಮಲಗಿದ್ದ ಬಾಲಕಿಯನ್ನು ಆತ ಕೈಹಿಡಿದೆಬ್ಬಿಸಿದಾಗ ಆಡಿದ ಮಾತನ್ನೂ, ಶಿಲುಬೆಯ ಮೇಲಿನ ಕೂಗನ್ನೂ ಮಾರ್ಕನು ಅರಾಮಿಕ್ಕಿನಲ್ಲೇ ಉಳಿಸಿದ್ದಾನೆ. ಅಂದಮೇಲೆ ಗ್ರೀಕಿನ ಸುವಾರ್ತೆಯೇ ಒಂದರ್ಥದಲ್ಲಿ ಭಾಷಾಂತರ. ಗುರುವಿನ ಉಪದೇಶ ಒಂದು ನುಡಿಯದು, ಶಿಷ್ಯಪರಂಪರೆಯ ಬರೆಹ ಇನ್ನೊಂದರದು.

ಗ್ರೀಕಿನ ಮಾತಿಗೆ ಬಂದರೆ ಕನ್ನಡಿಗರು ಮರೆಯಬಾರದ ಸಂಗತಿಯೊಂದುಂಟು. ಈಜಿಪ್ತದ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆದಿಬ್ಬಗಳನ್ನು 1896ರ ಚಳಿಗಾಲದಿಂದ ಅಗೆಯತೊಡಗಿದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರಿಗೆ ಮೊದಲ ಕಾಲದಲ್ಲೇ ದೊರೆತ ಪಪೈರಸ್ ಚೂರುಗಳಲ್ಲಿ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ತುಣುಕೂ ಇತ್ತು; ಅದೇ ದಿಬ್ಬಗಳಿಂದ ಹೊರಟ ಇನ್ನೊಂದು ಹಾಳೆಯಲ್ಲಿ ಗ್ರೀಕ್ ಪ್ರಹಸನವೊಂದಿದ್ದು, ಅದರ ಪಾತ್ರಗಳಾಡುವ ಅಪರಿಚಿತ ಮಾತುಗಳಲ್ಲಿ ಕನ್ನಡವಿದೆಯೆಂದು ಹುಲ್ಷ್ ಎಂಬ ವಿದ್ವಾಂಸರು ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಬಗೆಗೆ ಶ್ರಮಿಸಿದರು. ಅದು ಕನ್ನಡವೇ ಹೌದೆಂಬುದನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ಆ ವಾದ ಇಲ್ಲಿ ನನಗೆ ಮುಖ್ಯವಲ್ಲ. ಗಡಿನಾಡಿನ ಒಂದು ಮೂಲೆಯಲ್ಲಿ ಕುಳಿತ ಕನ್ನಡದ ಕವಿ ಗೋವಿಂದ ಪೈಗಳು ಗ್ರೀಕನ್ನು ತಮ್ಮ ವಿಚಾರದ ವಿಷಯವಾಗಿಸಿಕೊಂಡರು, ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೂ ರಚಿಸಿದರು ಎಂಬುದು ಮುಖ್ಯ. ಆ ಕುತೂಹಲ ಅವರೊಂದಿಗೇ ನಮ್ಮಲ್ಲಿ ಬಹಳಮಟ್ಟಿಗೆ ಅಡಗಿತೆಂದು ಹೇಳದೆ ವಿಧಿಯಿಲ್ಲ.

ಇನ್ನು ಕರ್ತೃತ್ವ. ನಮ್ಮ ಶಾಸ್ತ್ರಕಾರರು ತಮ್ಮ ಹೆಸರನ್ನು ಗ್ರಂಥಾಂತ್ಯದಲ್ಲಿ ಹೇಳಿಕೊಳ್ಳುವುದುಂಟು. ಗಡಹಿಂಗ್ಲಜದ ನೆರೆಯ ಆಜರೆಯಲ್ಲಿ, ಆಗಿನ ಆಜುರಿಕೆಯ ಜಿನಾಲಯದಲ್ಲಿ ಕುಳಿತು, ಶಿಲಾಹಾರ ಭೋಜನ ಆಳ್ವಿಕೆಯಲ್ಲಿ, ಕ್ರಿ.ಶ. 1205ರಲ್ಲಿ ಸೋಮದೇವನೆಂಬ ಜೈನಯತಿ ‘ಶಬ್ದಾರ್ಣವಚಂದ್ರಿಕೆ’ಯೆಂಬ ವ್ಯಾಕರಣಗ್ರಂಥವನ್ನು ರಚಿಸಿದನೆಂದು ನಾವು ಇಷ್ಟು ಖಚಿತವಾಗಿ ಹೇಳಬಲ್ಲೆವಾದರೆ, ಆ ಪದ್ಧತಿಯೇ ಅದಕ್ಕೆ ಕಾರಣ. ಬೈಬಲಿನ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಇಂಥ ಅಂಕಿತವಿಲ್ಲ. ಮೊದಲ ಐದು ಕಾಂಡಗಳನ್ನು ಮೋಶೆಯೇ ಬರೆದನೆಂದು ಯೆಹೂದಿ ಪರಂಪರೆಯೂ ಕ್ರೈಸ್ತ ಪರಂಪರೆಯೂ ಹೇಳುತ್ತ ಬಂದವು. ಆದರೆ ಐದನೆಯದಾದ ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯ ಮೋಶೆಯ ಮರಣವನ್ನೂ, ಆತನ ಸಮಾಧಿ ಎಲ್ಲಿದೆಯೆಂಬುದು ಇಂದಿನವರೆಗೂ ಯಾರಿಗೂ ತಿಳಿಯದೆಂಬ ಸಂಗತಿಯನ್ನೂ ವರ್ಣಿಸುತ್ತದೆ. ಈ ತೊಡಕನ್ನು ಮೊದಲು ಕಂಡವರು ನಾಸ್ತಿಕರಲ್ಲ, ಯೆಹೂದಿ ಗುರುಗಳೇ; ಕೊನೆಯ ಎಂಟು ವಚನಗಳನ್ನು ಯೆಹೋಶುವನು ಬರೆದಿರಬೇಕೆಂದು ತಾಲ್ಮುದ್ ಹೇಳುತ್ತದೆ. ಹನ್ನೆರಡನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರ ಇನ್ನೂ ಕೆಲವು ಗಂಟುಗಳನ್ನು ಮೆಲ್ಲನೆ ಸೂಚಿಸಿ ಸುಮ್ಮನಾದನು. 1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ ಸುಮ್ಮನಾಗಲಿಲ್ಲ. 1753ರಲ್ಲಿ ಆಸ್ಟ್ರೂಕ್ ಎಂಬ ಫ್ರೆಂಚ್ ವೈದ್ಯನು, ಆದಿಕಾಂಡದಲ್ಲಿ ದೇವರಿಗೆ ಎರಡು ಹೆಸರುಗಳು ಎರಡು ಧಾರೆಗಳಾಗಿ ಹರಿಯುವುದನ್ನು ಬೇರ್ಪಡಿಸಿ ತೋರಿಸಿದನು. ಜಲಪ್ರಳಯದ ಕಥೆಯನ್ನೇ ಯಾರಾದರೂ ನಿಧಾನವಾಗಿ ಓದಲಿ: ಒಂದು ಕಡೆ ಎಲ್ಲ ಜೀವಿಗಳಲ್ಲಿ ಎರಡೆರಡನ್ನು ಹಡಗಿನೊಳಗೆ ಸೇರಿಸಬೇಕೆಂಬ ಅಪ್ಪಣೆ, ಮುಂದಿನ ಅಧ್ಯಾಯದಲ್ಲಿ ಶುದ್ಧಪಶುಗಳಲ್ಲಿ ಏಳೇಳು ಎಂಬ ಅಪ್ಪಣೆ, ಒಂದೆಡೆ ನಲವತ್ತು ದಿನಗಳ ಮಳೆ, ಇನ್ನೊಂದೆಡೆ ನೂರೈವತ್ತು ದಿನಗಳ ನೀರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ವೆಲ್‌ಹೌಸೆನ್ ಈ ಧಾರೆಗಳನ್ನು ನಾಲ್ಕೆಂದು ಎಣಿಸಿ ಕಾಲನಿರ್ಣಯ ಮಾಡಿದನು. ಆ ಎಣಿಕೆಯ ಬಗ್ಗೆ ಇಂದು ಜಗಳಗಳಿದ್ದರೂ, ಹಲವು ಕೈಗಳ ಕೆಲಸವಿದೆಂಬುದನ್ನು ವಿಶ್ವವಿದ್ಯಾಲಯಗಳ ವಿದ್ವಾಂಸರಲ್ಲಿ ಬಹುಮಂದಿ ಒಪ್ಪುತ್ತಾರೆ. ಯೆಶಾಯನ ಪುಸ್ತಕದ ಮೊದಲ ಭಾಗ ಕ್ರಿ.ಪೂ. ಎಂಟನೆಯ ಶತಮಾನದ ಮಾತಾದರೆ, ನಲವತ್ತನೆಯ ಅಧ್ಯಾಯದಿಂದಾಚೆಗೆ ಒಂದೂವರೆ ಶತಮಾನಕ್ಕೂ ಮೀರಿ ಈಚೆಯವನಾದ ಪಾರಸಿಕ ದೊರೆ ಕೋರೆಷನ ಹೆಸರು ಬರುತ್ತದೆ. ಭಕ್ತನು ಇದನ್ನು ಭವಿಷ್ಯವಾಣಿಯೆನ್ನುತ್ತಾನೆ, ವಿಮರ್ಶಕನು ಎರಡನೆಯ ಕವಿಯೆನ್ನುತ್ತಾನೆ. ಪುಸ್ತಕವಂತೂ ತನ್ನ ಮುಂದಿರುವ ಇಬ್ಬರಿಗೂ ತೆರೆದೇ ಇದೆ.

ಆದರೆ ಈ ವಿದ್ವತ್ತಿನ ಗೊಡವೆಯೆಲ್ಲ ಬೇಡವೆನ್ನುವವರಿಗೂ, ಒಂದು ಪವಿತ್ರಗ್ರಂಥ ಹೇಗೆ ಹುಟ್ಟುತ್ತದೆಂಬುದನ್ನು ಬೈಬಲ್ ತಾನೇ ಒಂದು ಕಡೆ ಕಣ್ಣಿಗೆ ಕಟ್ಟುವಂತೆ ಹೇಳಿದೆ. ಯೆರೆಮೀಯನ ಮೂವತ್ತಾರನೆಯ ಅಧ್ಯಾಯವದು, ಕಾಲ ಕ್ರಿ.ಪೂ. 605ರ ಸುಮಾರು. ದೇವಾಲಯಕ್ಕೆ ಕಾಲಿಡದಂತೆ ತಡೆಯಲ್ಪಟ್ಟ ಪ್ರವಾದಿ ಬಾಯಿಂದ ಹೇಳುತ್ತಾನೆ, ಬಾರೂಕನೆಂಬ ಲಿಪಿಕಾರ ಸುರುಳಿಯ ಮೇಲೆ ಬರೆಯುತ್ತಾನೆ. ಬಾರೂಕನು ಅದನ್ನು ಜನರೆದುರಿಗೆ ಓದಿದ ಸುದ್ದಿ ಅರಮನೆಗೆ ಮುಟ್ಟಿದಾಗ ಅಧಿಕಾರಿಗಳು ಅವನನ್ನು ಕರೆಸಿ, ಇದನ್ನೆಲ್ಲ ಹೇಗೆ ಬರೆದೆ, ಆತನು ಹೇಳಿದ್ದನ್ನೋ ಎಂದು ವಿಚಾರಿಸುತ್ತಾರೆ. ಆತ ಹೇಳಿದ, ನಾನು ಶಾಯಿಯಿಂದ ಬರೆದೆ ಎಂದು ಅವನು ಉತ್ತರಿಸುತ್ತಾನೆ. ಅಧಿಕಾರಿಗಳಾದರೂ ಮನುಷ್ಯರೇ, ನೀನೂ ಯೆರೆಮೀಯನೂ ಎಲ್ಲಿಯಾದರೂ ಅಡಗಿಕೊಳ್ಳಿರೆಂದು ಹೇಳಿ ಕಳುಹಿಸುತ್ತಾರೆ. ಅರಸ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದಾನೆ. ಸುರುಳಿಯ ಮೂರು ನಾಲ್ಕು ಪಂಕ್ತಿಗಳನ್ನು ಓದಿದಂತೆಲ್ಲ ಆತ ಲಿಪಿಕಾರನ ಚೂರಿಯಿಂದ ಅಷ್ಟನ್ನು ಕೊಯ್ದು ಕೆಂಡಕ್ಕೆ ಹಾಕುತ್ತ ಹೋಗಿ, ಕೊನೆಗೆ ಸುರುಳಿಯೆಲ್ಲ ಬೂದಿಯಾಗುತ್ತದೆ. ಯೆರೆಮೀಯ ಇನ್ನೊಂದು ಸುರುಳಿಯನ್ನು ತೆಗೆದು ಬಾರೂಕನಿಗೆ ಕೊಡುತ್ತಾನೆ; ಮೊದಲಿನ ಮಾತುಗಳೆಲ್ಲ ಮತ್ತೆ ಬರೆಯಲ್ಪಡುತ್ತವೆ, ಅಂಥವೇ ಬೇರೆ ಅನೇಕ ಮಾತುಗಳು ಸೇರಿಸಲ್ಪಡುತ್ತವೆ. ಹೇಳಿದವನು ಒಬ್ಬ, ಬರೆದವನು ಇನ್ನೊಬ್ಬ, ಸುಟ್ಟವನು ಮತ್ತೊಬ್ಬ. ಎರಡನೆಯ ಪ್ರತಿ ಮೊದಲನೆಯದಕ್ಕಿಂತ ದೊಡ್ಡದು. ಇದಿಷ್ಟನ್ನೂ ಗ್ರಂಥ ಮುಚ್ಚಿಡದೆ ಒಪ್ಪಿಕೊಂಡಿದೆ. ಇದೇ ಪುಸ್ತಕದ ಪ್ರಾಚೀನ ಗ್ರೀಕ್ ಭಾಷಾಂತರ ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಪಾಲು ಚಿಕ್ಕದಾಗಿದೆ. ಭಾಷಾಂತರಕಾರರು ಬಿಟ್ಟಿರಬೇಕೆಂದು ಜನ ಬಹುಕಾಲ ಎಣಿಸಿದ್ದರು, ಕುಮ್ರಾನಿನಲ್ಲಿ ಆ ಚಿಕ್ಕ ಪಾಠಕ್ಕೆ ಹೊಂದುವ ಹೀಬ್ರೂ ತುಣುಕೇ ಸಿಕ್ಕಿತು. ಎರಡು ಯೆರೆಮೀಯಗಳು ಹೀಬ್ರೂವಿನಲ್ಲೇ ಇದ್ದವೆಂದಾಯಿತು.

ಹೊಸ ಒಡಂಬಡಿಕೆಯ ಕಥೆಯನ್ನು ಇಷ್ಟು ಹಿಂಜಬೇಕಾಗಿಲ್ಲ. ನಾಲ್ಕು ಸುವಾರ್ತೆಗಳೊಳಗೆ ಎಲ್ಲಿಯೂ ಬರೆದವನು ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನರೆಂಬ ಹೆಸರುಗಳನ್ನು ಸಭೆಯ ಪರಂಪರೆ ಜೋಡಿಸಿತು, ಕ್ರಿ.ಶ. 180ರ ಹೊತ್ತಿಗೆ ಐರೇನಿಯಸ್ ಎಂಬ ಬಿಷಪರು ಆ ನಾಲ್ಕನ್ನೂ ಹೆಸರಿಟ್ಟು ಹೇಳುತ್ತಾರೆ. ಲೂಕನಂತೂ ತನಗಿಂತ ಮುಂಚೆ ಅನೇಕರು ಬರೆಯಲು ಕೈಹಚ್ಚಿದರೆಂದೂ, ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವೆನೆಂದೂ ಮುನ್ನುಡಿಯಲ್ಲೇ ತಿಳಿಸಿ, ಒಳ್ಳೆಯ ಇತಿಹಾಸಕಾರನ ನಡವಳಿಕೆಯನ್ನು ತೋರಿದ್ದಾನೆ. ಪೌಲನ ಹೆಸರಿನ ಹದಿಮೂರು ಪತ್ರಗಳಲ್ಲಿ ಏಳನ್ನು ನಿಸ್ಸಂದೇಹವಾಗಿ ಆತನವೆಂದು ವಿದ್ವಾಂಸರೆಲ್ಲ ಒಪ್ಪುವರು, ಉಳಿದವುಗಳ ವಿಷಯದಲ್ಲಿ ಒಮ್ಮತವಿಲ್ಲ. ಇಬ್ರಿಯರಿಗೆ ಬರೆದ ಪತ್ರದ ಕರ್ತೃವಿನ ಬಗ್ಗೆ ಮೂರನೆಯ ಶತಮಾನದ ಒರಿಜೆನನೇ ಕೈಚೆಲ್ಲಿದನು. ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ ತೆರ್ತ್ಯನೆಂಬವನು ಥಟ್ಟನೆ ತಲೆಯೆತ್ತಿ, ಈ ಪತ್ರವನ್ನು ಬರೆದ ತಾನೂ ನಿಮಗೆ ವಂದನೆ ಹೇಳುತ್ತೇನೆ ಎನ್ನುತ್ತಾನೆ. ಪೌಲನ ಅತ್ಯುನ್ನತ ಪತ್ರದ ಲೇಖನಿ ಪೌಲನ ಕೈಯಲ್ಲಿರಲಿಲ್ಲ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನು, ಬ್ರಾಹ್ಮಿಯ ಬರೆಹ ಮುಗಿದ ಮೇಲೆ ತಾನು ಲಿಪಿಕಾರನೆಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿ ಹೋಗಿದ್ದಾನೆ. ತೆರ್ತ್ಯನನ್ನು ಓದಿದಾಗಲೆಲ್ಲ ನನಗೆ ಈ ಚಪಡನ ನೆನಪಾಗುತ್ತದೆ. ಚಕ್ರವರ್ತಿಗಳ, ಅಪೊಸ್ತಲರ ನೆರಳಿನಲ್ಲಿ ಕುಳಿತವರಿಗೂ ತಾವಿದ್ದೆವೆಂದು ಹೇಳುವ ಆಸೆಯಿತ್ತು.

ಇಂಥ ವಿಚಾರಣೆಯಿಂದ ಶ್ರದ್ಧೆಗೆ ಕುಂದಲ್ಲವೇ ಎಂದು ಕೇಳುವವರುಂಟು. ವೇದ ಅಪೌರುಷೇಯವೆಂದು ಮೀಮಾಂಸಕರು ಸಾಧಿಸಿದರು, ಅಲ್ಲ, ಅದಕ್ಕೆ ಈಶ್ವರನು ಕರ್ತೃವೆಂದು ನೈಯಾಯಿಕರು ವಾದಿಸಿದರು; ಆ ವಾದದಿಂದ ವೇದಾಧ್ಯಯನ ನಿಲ್ಲಲಿಲ್ಲ. ಪುಣೆಯ ಭಾಂಡಾರ್ಕರ್ ಸಂಸ್ಥೆ ದೇಶದ ಮೂಲೆಮೂಲೆಗಳ ಪ್ರತಿಗಳನ್ನು ಕೂಡಿಸಿ, ದಶಕಗಳ ಕಾಲ ದುಡಿದು, 1966ರಲ್ಲಿ ಮಹಾಭಾರತದ ಪರಿಷ್ಕೃತ ಪಾಠವನ್ನು ಮುಗಿಸಿತು. ವ್ಯಾಸರ ಮರ್ಯಾದೆಗೆ ಅದರಿಂದ ಊನ ಬಂದದ್ದು ಕಾಣೆ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ಒಂದು ತಲೆಮಾರು ಪೂರ್ತಿ ಕಾದಾಡಿದರು, ಗ್ರಂಥ ಮಾತ್ರ ಕನ್ನಡದ ಆದಿಗ್ರಂಥವಾಗಿಯೇ ನಿಂತಿದೆ. ಕೇಳಬಾರದೆಂದು ಬಾಯಿಮುಚ್ಚಿಸಿದಲ್ಲಿಯೇ ಶಾಸ್ತ್ರಕ್ಕೆ ಅಪಕೀರ್ತಿ ಬಂದದ್ದು. ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿ ಕೊಲ್ಲಾಪುರದ ಗಾದಿಗೆ ದತ್ತಕವಾಗಿ ಹೋದ ಶಾಹೂ ಮಹಾರಾಜರಿಗೆ ವೇದೋಕ್ತ ಮಂತ್ರ ಸಲ್ಲದೆಂದು ಪುರೋಹಿತರು ಹಟಹಿಡಿದಾಗ ಹುಟ್ಟಿದ ಆ ದೊಡ್ಡ ವಿವಾದವನ್ನು ಈ ಊರಿನವರು ಬಲ್ಲರು. ಯಾವ ಗ್ರಂಥವೇ ಆಗಲಿ, ಯಾರು ಓದಬೇಕು, ಯಾರು ಕೇಳಬೇಕು, ಏನು ಪ್ರಶ್ನಿಸಬೇಕೆಂಬುದನ್ನು ಕೆಲವರೇ ನಿರ್ಣಯಿಸತೊಡಗಿದರೆ ಆಗುವುದೇನೆಂದು ಇಲ್ಲಿ ಬೇರೆ ಹೇಳಬೇಕಾಗಿಲ್ಲ.

ಮೂಲಕ್ಕೆ ಹೋಗಬೇಕೆಂಬ ಹಟಕ್ಕೆ ಈ ನಾಡು ಕೊಟ್ಟ ದೊಡ್ಡ ನಿದರ್ಶನ ಪಂಡಿತೆ ರಮಾಬಾಯಿ. ಕಾರ್ಕಳದ ಹತ್ತಿರದ ಮಾಳದವರಾದ ಅನಂತಶಾಸ್ತ್ರಿ ಡೋಂಗರೆಯವರು, ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಧರ್ಮಸಭೆಯೆದುರು ಸಮರ್ಥನೆ ಹೇಳಬೇಕಾಗಿ ಬಂದು, ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದಾಗ, 1858ರಲ್ಲಿ ಹುಟ್ಟಿದ ಮಗಳು ಈಕೆ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡ, ಕಲಿತ ವಿದ್ಯೆ ಸಂಸ್ಕೃತ. ಕಲಕತ್ತೆಯ ಪಂಡಿತರಿಂದ ಬಿರುದು ಪಡೆದು, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾಗಿ, ಮುಂದೆ ಕೇಡಗಾವದಲ್ಲಿ ಮುಕ್ತಿಸದನವನ್ನು ಸ್ಥಾಪಿಸಿದ ಮೇಲೆ, ನಡುವಯಸ್ಸು ದಾಟಿದ ಆ ಹೆಂಗಸು ಹೀಬ್ರೂವನ್ನೂ ಗ್ರೀಕನ್ನೂ ಅಭ್ಯಾಸಮಾಡಿ ಸಮಸ್ತ ಬೈಬಲನ್ನು ಮರಾಠಿಗೆ ತಂದರು. ಆಗಿದ್ದ ಮರಾಠಿ ಬೈಬಲ್ ಸಂಸ್ಕೃತಭೂಯಿಷ್ಠವಾಗಿ ಹಳ್ಳಿಯ ಹೆಂಗಸರಿಗೆ ನಿಲುಕದೆಂಬುದು ಆಕೆಯ ದೂರಾಗಿತ್ತು (ಈ ಲೇಖನದ ಶೈಲಿಯನ್ನು ಕಂಡಿದ್ದರೆ ಆಕೆ ಏನೆನ್ನುತ್ತಿದ್ದರೋ!). ಸದನದ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು. 1922ರ ಏಪ್ರಿಲ್ 5ರಂದು ಆಕೆ ತೀರಿಕೊಂಡರು. ಗ್ರಂಥ 1924ರಲ್ಲಿ ಹೊರಬಂದಿತು. ಒಬ್ಬಳೇ ಹೆಂಗಸು ಮೂಲಭಾಷೆಗಳಿಂದ ಇಡೀ ಬೈಬಲನ್ನು ತನ್ನ ನುಡಿಗೆ ತಂದದ್ದು ಲೋಕದಲ್ಲಿಯೇ ಅಪರೂಪ.

ಕನ್ನಡದ ಕೆಲಸ ಇದಕ್ಕೂ ಮೊದಲಿನದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ನೆಚ್ಚಬಹುದಾದ ಕೋಶವಾಗಲಿ ಅಚ್ಚಾದ ವ್ಯಾಕರಣವಾಗಲಿ ಇಲ್ಲದ ಕಾಲದಲ್ಲಿ ಪಂಡಿತರ ನೆರವಿನಿಂದ ಭಾಷೆ ಕಲಿತು, ವಿಲಿಯಂ ರೀವ್ ಅವರೊಡನೆ ದುಡಿದು, 1830ರ ದಶಕದ ಆರಂಭಕ್ಕೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚಾಗಿಸಿದರು. ಮುಂದೆ ಮಂಗಳೂರಿನ ವೈಗ್ಲೆ, ಮೋಗ್ಲಿಂಗರು ಅದನ್ನು ತಿದ್ದಲು ಕುಳಿತರು. ಶ್ರೀರಾಮಪುರದಲ್ಲಿ ಪಾದ್ರಿ ವಿಲಿಯಂ ಕೇರಿಯವರ ಮರಾಠಿ ಕೆಲಸಕ್ಕೆ ವೈಜನಾಥ ಶರ್ಮರೆಂಬ ಪಂಡಿತರ ನೆರವಿತ್ತು. ಮುಖಪುಟದ ಮೇಲೆ ಪಾದ್ರಿಗಳ ಹೆಸರು, ಕೆಳಗಿನ ದುಡಿಮೆ ನಮ್ಮ ಮುನಶಿಗಳದು. ಬಾರೂಕರೂ ತೆರ್ತ್ಯರೂ ಯೆರೂಸಲೇಮಿನಲ್ಲಿ ಮಾತ್ರ ಇದ್ದವರಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಪೀಠಿಕೆ, ಟಿಪ್ಪಣಿಗಳುಳ್ಳ ಬೈಬಲ್ ಆವೃತ್ತಿಗಳು ಇಲ್ಲವೆಂದಲ್ಲ. ಆದರೆ ಸಭೆಗಳಲ್ಲಿ ಬಡವರ ಕೈಗೆ ಬರುವ ಅಗ್ಗದ ಪ್ರತಿಗಳಲ್ಲಿಯೂ ಪ್ರತಿಯೊಂದು ಪುಸ್ತಕದ ಮುಂದೆ, ಇದು ಯಾವ ಭಾಷೆಯಲ್ಲಿ ಬರೆದದ್ದು, ಯಾರದೆಂದು ಪರಂಪರೆ ಹೇಳುತ್ತದೆ, ವಿದ್ವಾಂಸರು ಏನೆನ್ನುತ್ತಾರೆ ಎಂಬ ಅರ್ಧಪುಟದ ವಿವರ ಇರಬೇಕು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1910ರಿಂದಲೂ ಪಾದ್ರಿಗಳಾಗುವವರು ಓದುತ್ತ ಬಂದಿದ್ದಾರೆ; ಅಲ್ಲಿ ಕಲಿತ ಹೀಬ್ರೂ, ಗ್ರೀಕ್, ಅಲ್ಲಿ ಚರ್ಚಿಸಿದ ಕರ್ತೃತ್ವದ ಪ್ರಶ್ನೆಗಳು ಊರಿನ ವೇದಿಕೆಯನ್ನೇರಿದ ಮೇಲೆ ಮಾಯವಾಗುವುದು ಸರಿಯಲ್ಲ; ಸಭೆಯ ಜನರನ್ನು ಮಕ್ಕಳೆಂದು ಬಗೆಯುವುದನ್ನು ಪಾದ್ರಿಗಳು ಬಿಡಬೇಕು. ಧಾರವಾಡದ, ಕೊಲ್ಲಾಪುರದ ವಿಶ್ವವಿದ್ಯಾಲಯಗಳು ಪಶ್ಚಿಮ ಏಷ್ಯದ ಈ ಪ್ರಾಚೀನ ಸಾಹಿತ್ಯವನ್ನು ಮತಪ್ರಚಾರದ ಪುಸ್ತಕವೆಂದು ದೂರವಿಡದೆ, ಯೋಬನ ಸಂವಾದವನ್ನೂ ಯೆರೆಮೀಯನ ವಿಲಾಪವನ್ನೂ ಕಾವ್ಯವಾಗಿ ಓದಿಸಬೇಕು. ಈ ಗಡಿಯ ಕನ್ನಡದ ಹುಡುಗರಲ್ಲಿ ಇಬ್ಬರಿಗಾದರೂ ಹೀಬ್ರೂ, ಗ್ರೀಕ್ ಕಲಿಯಲು ವಿದ್ಯಾರ್ಥಿವೇತನ ಕೊಡಬೇಕು. ಅದಾಗುವವರೆಗೆ ಕಾಯದೆ ಓದುಗರು, ತಾವು ಯಾವ ಮತದವರೇ ಆಗಿರಲಿ, ಯೆರೆಮೀಯನ ಮೂವತ್ತಾರನೆಯ ಅಧ್ಯಾಯವನ್ನು ಒಮ್ಮೆ ಓದಿನೋಡಿ. ಕಾಲು ಗಂಟೆಯ ಕೆಲಸ.